ನಿಗಾ ಇಡುವವರ ಕಡತ ನಮಗೂ ಕಾಣಲಿ

ಜಾಲತಾಣಗಳಲ್ಲಿ ಜನ ಬರೆಯುವುದನ್ನು ಸರ್ಕಾರ ಓದುತ್ತಿದೆಯೇ? ಅಮೆರಿಕದಲ್ಲಿ ಈ ಗುಮಾನಿಗೆ 2012ರ ಜನವರಿಯಲ್ಲಿ ಗಟ್ಟಿ ಪುರಾವೆ ಸಿಕ್ಕಿತು: ಆಂತರಿಕ ಭದ್ರತಾ ಇಲಾಖೆಯ ಸುಮಾರು 300 ಪುಟಗಳ ದಾಖಲೆ.

ಅದು ಸುಲಭವಾಗಿ ಸಿಗಲಿಲ್ಲ. ಖಾಸಗಿತನದ ಹಕ್ಕಿಗಾಗಿ ಹೋರಾಡುವ ವಾಷಿಂಗ್ಟನ್ನಿನ 'ಎಪಿಕ್' ಸಂಸ್ಥೆ 2011ರ ಏಪ್ರಿಲ್‌ನಲ್ಲೇ ಅರ್ಜಿ ಹಾಕಿತ್ತು. ಅಲ್ಲಿನ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯ ಪ್ರಕಾರ 20 ಕೆಲಸದ ದಿನಗಳಲ್ಲಿ ಉತ್ತರ ಬರಬೇಕು. ತಿಂಗಳುಗಳು ಕಳೆದರೂ ಬರಲಿಲ್ಲ. ಡಿಸೆಂಬರ್‌ನಲ್ಲಿ ಸಂಸ್ಥೆ ಕೋರ್ಟಿನ ಮೆಟ್ಟಿಲೇರಿತು. ಮರುತಿಂಗಳೇ ದಾಖಲೆ ಕೈಸೇರಿತು.

ನಿಗಾ ಕೆಲಸಕ್ಕಾಗಿ ಜನರಲ್ ಡೈನಾಮಿಕ್ಸ್ ಕಂಪನಿಗೆ 1.1 ಕೋಟಿ ಡಾಲರಿಗೂ ಮಿಕ್ಕಿದ ಗುತ್ತಿಗೆ ಕೊಟ್ಟದ್ದು ಅದರಲ್ಲಿತ್ತು. ಅನಾಹುತಗಳ ಸುದ್ದಿ ಬೇಗ ತಿಳಿಯಲೆಂದು ಈ ವ್ಯವಸ್ಥೆ ಎಂದಿತು ಇಲಾಖೆ. ಆದರೆ ಗ್ವಾಂಟನಾಮೊ ಸೇನಾ ಸೆರೆಮನೆಯ ಕೈದಿಗಳನ್ನು ಮಿಷಿಗನ್‌ನ ಸ್ಟ್ಯಾಂಡಿಶ್ ಊರಿನ ಜೈಲಿಗೆ ತರುವ ಪ್ರಸ್ತಾಪಕ್ಕೆ ಊರಿನವರು ಏನೆನ್ನುತ್ತಾರೆ ಎಂಬ ವರದಿಯೂ ಅಲ್ಲಿತ್ತು. ಅನಾಹುತದ ಸುದ್ದಿಗೂ ಜನಾಭಿಪ್ರಾಯಕ್ಕೂ ನಡುವಿನ ಗೆರೆ ದಾಟಿದ್ದು ಹೀಗೆ ಬಯಲಾಯಿತು. ಫೆಬ್ರವರಿಯಲ್ಲಿ ಸಂಸದೀಯ ಉಪಸಮಿತಿ ಅಧಿಕಾರಿಗಳನ್ನು ಕರೆಸಿ ಪ್ರಶ್ನಿಸಿತು.

ನಮ್ಮಲ್ಲೂ 2018ರಲ್ಲಿ ಕೇಂದ್ರ ಸರ್ಕಾರ ಜಾಲತಾಣಗಳ ಮೇಲೆ ನಿಗಾ ಇಡುವ 'ಸೋಷಿಯಲ್ ಮೀಡಿಯಾ ಕಮ್ಯುನಿಕೇಶನ್ ಹಬ್' ಸ್ಥಾಪಿಸಲು ಹೊರಟಿತ್ತು. ಟೆಂಡರ್ ಕಾಗದ ಎಲ್ಲರ ಕಣ್ಣಿಗೆ ಬಿದ್ದಿದ್ದರಿಂದಲೇ ತೃಣಮೂಲ ಕಾಂಗ್ರೆಸ್‌ನ ಮಹುವಾ ಮೊಯಿತ್ರಾ ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲು ಸಾಧ್ಯವಾಯಿತು. ಇದು ಜನರ ಮೇಲೆ ಕಣ್ಗಾವಲಿಡುವ ರಾಜ್ಯವನ್ನೇ ಕಟ್ಟಿದಂತಾಗುತ್ತದೆ ಎಂದು ನ್ಯಾಯಪೀಠ ಎಚ್ಚರಿಸಿತು. ಆಗಸ್ಟ್‌ನಲ್ಲಿ ಸರ್ಕಾರ ಯೋಜನೆಯನ್ನು ಹಿಂತೆಗೆದುಕೊಂಡಿತು.

ಹೀಗೆ ಪ್ರತಿ ಸಲ ಕಾಗದ ಸಿಗುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ 30 ದಿನದಲ್ಲಿ ಉತ್ತರ ಕೊಡಬೇಕೆನ್ನುತ್ತದೆ. ಆದರೆ ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಮಾಹಿತಿ ಬಿಟ್ಟರೆ ಗುಪ್ತಚರ ಸಂಸ್ಥೆಗಳಿಗೆ 24ನೇ ಸೆಕ್ಷನ್ ವಿನಾಯಿತಿ ನೀಡಿದೆ.

ಅಮೆರಿಕದ ಕಡತಗಳು ನಮಗೆ ದೂರದವಲ್ಲ. 2019ರಿಂದ ಆ ದೇಶದ ವೀಸಾ ಬಯಸುವವರು ಐದು ವರ್ಷಗಳಲ್ಲಿ ಬಳಸಿದ ಜಾಲತಾಣ ಖಾತೆಗಳ ಹೆಸರು ಕೊಡಬೇಕು. ಓದಲು, ದುಡಿಯಲು ಅಲ್ಲಿಗೆ ಹೊರಡುವ ಕನ್ನಡದ ಯುವಜನರೂ ಆ ಅರ್ಜಿ ತುಂಬುತ್ತಾರೆ.

ನಡೆಯುತ್ತಿರುವ ತನಿಖೆಯ ವಿವರ ಗುಟ್ಟಾಗಿರಲಿ, ತಪ್ಪಿಲ್ಲ. ಆದರೆ ಯಾವ ನಿಯಮದಡಿ ನಿಗಾ, ಗುತ್ತಿಗೆ ಯಾರಿಗೆ, ಖರ್ಚೆಷ್ಟು, ಸಂಗ್ರಹಿಸಿದ ಮಾಹಿತಿ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಯಾರೂ ಅರ್ಜಿ ಹಾಕದೆಯೇ ಸರ್ಕಾರ ಪ್ರಕಟಿಸಬೇಕು. ಅದಾಗುವ ತನಕ ಅರ್ಜಿ ಹಾಕುವವರ, ಕೋರ್ಟಿಗೆ ಹೋಗುವವರ ಬೆನ್ನಿಗೆ ನಾವು ನಿಲ್ಲಬೇಕು.