ಉಂಡರೂ ಸೊರಗುವ ಬೆಕ್ಕು

ಮನೆಯಲ್ಲಿ ಹತ್ತು ಹನ್ನೆರಡು ವರ್ಷ ಬಾಳಿದ ಬೆಕ್ಕಿಗೆ ಕೆಲವೊಮ್ಮೆ ಎಲ್ಲಿಲ್ಲದ ಹಸಿವು ಹುಟ್ಟುವುದುಂಟು. ಇಟ್ಟುದೆಲ್ಲವನ್ನೂ ತಿಂದು ಮತ್ತೆ ಬೇಡುವುದು; ಆದರೆ ತಿಂದುದು ಮೈಗೆ ಹತ್ತದು. ಬೆನ್ನೆಲುಬು ಕೈಗೆ ತಗಲುವುದು, ಎದೆ ಡವಡವನೆ ಬಡಿದುಕೊಳ್ಳುವುದು, ರಾತ್ರಿಯೆಲ್ಲ ಕೂಗುತ್ತ ಅಲೆಯುವುದು. ಮುಪ್ಪಿನ ಚೇಷ್ಟೆಯೆಂದು ಮನೆಯವರು ಸುಮ್ಮನಾಗುವರು. ಇದು ಬರಿಯ ಮುಪ್ಪಲ್ಲ, ಚಿಕಿತ್ಸೆಗೆ ಒಳಪಡುವ ರೋಗವಾಗಿರಬಹುದೆಂದು ಪಶುವೈದ್ಯರಿಗೇ ಸ್ಪಷ್ಟವಾದುದು 1979ರಿಂದ ಈಚೆಗೆ. ಆ ತಿಳಿವು ಬೆಳೆದ ಬಗೆಯನ್ನು ಅರಿಯಲು ಅಮೆರಿಕದ ಪಶುವೈದ್ಯ ಡಾಕ್ಟರ್ ಮಾರ್ಕ್ ಪೀಟರ್‌ಸನ್ನರ ಲೇಖನಗಳ ಪಟ್ಟಿಯನ್ನು ಅನುಕ್ರಮವಾಗಿ ಓದುವುದು ಒಳ್ಳೆಯ ದಾರಿ. ವಿದ್ವಾಂಸರ ಲೇಖನಪಟ್ಟಿಯೆಂದರೆ ಸಾಮಾನ್ಯವಾಗಿ ಅಂಗಡಿಯ ಲೆಕ್ಕದ ಪುಸ್ತಕದಷ್ಟೇ ನೀರಸ, ಇದು ಹಾಗಿಲ್ಲ.

ಕೊರಳಿನಲ್ಲಿ ಶ್ವಾಸನಾಳದ ಇಕ್ಕೆಲಗಳಲ್ಲಿಯೂ ಥೈರಾಯಿಡ್ ಎಂಬ ನಿರ್ನಾಳ ಗ್ರಂಥಿಯಿರುವುದು. ಅದು ನೇರವಾಗಿ ರಕ್ತಕ್ಕೆ ಬಿಡುವ ಹಾರ್ಮೋನು ದೇಹವೆಂಬ ಒಲೆಯ ಉರಿಯನ್ನು ಹದದಲ್ಲಿಡುವುದು. ಗ್ರಂಥಿಯಲ್ಲಿ ಗಂಟು ಬೆಳೆದು ಹಾರ್ಮೋನು ಮಿತಿಮೀರಿದರೆ, ಎಷ್ಟು ಸೌದೆಯಿಟ್ಟರೂ ಸಾಲದಂತಾಗುವುದು. ಬೆಕ್ಕಿನಲ್ಲಿ ಈ ಗಂಟು ಬಹುಮಟ್ಟಿಗೆ ಕ್ಯಾನ್ಸರಿನದಲ್ಲವೆಂಬುದೇ ಸಮಾಧಾನ.

ಸತ್ತ ಬೆಕ್ಕುಗಳ ಕೊರಳಲ್ಲಿ ಇಂಥ ಗಂಟುಗಳನ್ನು ಮೊದಲೇ ಕಂಡವರಿದ್ದರು. ಬದುಕಿರುವ ಬೆಕ್ಕಿನ ಕಾಯಿಲೆಯೊಡನೆ ಅದನ್ನು ಜೋಡಿಸಿ, ನ್ಯೂಯಾರ್ಕ್ ನಗರದಲ್ಲಿದ್ದ ಪೀಟರ್‌ಸನ್ನರೂ ಅವರ ಸಂಗಡಿಗರೂ 1979ರಲ್ಲಿ ವೈದ್ಯಸಭೆಯೊಂದರಲ್ಲಿ ವರದಿ ಮಾಡಿದರು. ಮರುವರ್ಷವೇ ಜೀನ್ ಹೋಲ್ಜ್‌ವರ್ತ್ ಎಂಬ ವೈದ್ಯೆಯೂ ಅವರ ಸಹಕಾರಿಗಳೂ ಹತ್ತು ಬೆಕ್ಕುಗಳ ವೃತ್ತಾಂತವನ್ನು ಅಚ್ಚು ಹಾಕಿಸಿದರು. ಕೀರ್ತಿಯಲ್ಲಿ ಅವರಿಗೂ ಪಾಲು ಸಲ್ಲಬೇಕು. 1983ರಲ್ಲಿ ಪೀಟರ್‌ಸನ್ನರ ಬಳಗದ ಲೇಖನದಲ್ಲಿ ಬೆಕ್ಕುಗಳ ಸಂಖ್ಯೆ 131ಕ್ಕೆ ಏರಿತು. ಹತ್ತರಲ್ಲಿ ಅಪರೂಪವೆಂದು ತೋರಿದುದು ಇಲ್ಲಿ ಮುಖಲಕ್ಷಣಗಳುಳ್ಳ ರೋಗವಾಗಿ ನಿಂತಿತು.

ಮುಂದಿನ ಪ್ರಶ್ನೆ ಮದ್ದಿನದು. 1988ರಲ್ಲಿ 262 ಬೆಕ್ಕುಗಳಿಗೆ ಮೆಥಿಮಜೋಲ್ ಗುಳಿಗೆ ಕೊಟ್ಟ ಫಲವನ್ನು ಪ್ರಕಟಿಸಿದರು. ನನಗೆ ಈ ಪಟ್ಟಿಯಲ್ಲಿ ಅತ್ಯಂತ ಮೆಚ್ಚಿಗೆಯಾದುದು ಇದೇ. ಏಕೆಂದರೆ ಮದ್ದಿನ ಗುಣದೊಡನೆ ಅದರ ಕೇಡನ್ನೂ ಎಣಿಸಿ ಬರೆದಿರುವರು. 48 ಬೆಕ್ಕುಗಳಲ್ಲಿ ವಾಂತಿ, ಅರುಚಿ, ಮುಖವನ್ನು ಕೆರೆದುಕೊಳ್ಳುವುದೇ ಮೊದಲಾದ ಉಪದ್ರವಗಳು ಕಂಡವು. ಹತ್ತರಲ್ಲಿ ರಕ್ತಕ್ಕೇ ಗಂಭೀರವಾದ ಬಾಧೆ ತಟ್ಟಿತು. ಗುಳಿಗೆ ಆರಂಭಿಸಿದ ಬೆಕ್ಕಿನ ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸಬೇಕೆಂದು ವೈದ್ಯರು ಹೇಳುವುದರ ಹಿಂದೆ ಇಂಥ ಎಣಿಕೆಯಿರುವುದು. ಅಲ್ಲದೆ ಗುಳಿಗೆ ಹಾರ್ಮೋನನ್ನು ತಗ್ಗಿಸುವುದೇ ಹೊರತು ಗಂಟನ್ನು ಕರಗಿಸದು.

ಗಂಟನ್ನೇ ಅಳಿಸುವ ಉಪಾಯ 1995ರ ಲೇಖನದಲ್ಲಿದೆ. ಥೈರಾಯಿಡ್ ಗ್ರಂಥಿಯು ಅಯೊಡಿನನ್ನು ತನ್ನೊಳಕ್ಕೆ ಸೆಳೆದುಕೊಳ್ಳುವುದಷ್ಟೆ. ಕಿರಣ ಸೂಸುವ ಅಯೊಡಿನನ್ನು ಚುಚ್ಚುಮದ್ದಾಗಿ ಕೊಟ್ಟರೆ ಮಿತಿಮೀರಿ ದುಡಿಯುವ ಭಾಗವೇ ಅದನ್ನು ಹೆಚ್ಚಾಗಿ ಹೀರಿ ನಾಶವಾಗುವುದು. 524 ಬೆಕ್ಕುಗಳಲ್ಲಿ ನೂರಕ್ಕೆ 94ಕ್ಕೆ ಒಳ್ಳೆಯ ಗುಣ ಕಂಡಿತು. ಎಂಟು ಬೆಕ್ಕುಗಳಿಗೆ ಪ್ರಯೋಜನವಾಗಲಿಲ್ಲ. ಆದರೆ ಕಿರಣ ತಗ್ಗುವವರೆಗೆ ಬೆಕ್ಕನ್ನು ಪ್ರತ್ಯೇಕವಾಗಿಡಬೇಕು; ಮನೆಗೆ ಬಂದ ಮೇಲೂ ಕೆಲವು ದಿನ ಮಕ್ಕಳ ಮಡಿಲಿಗೆ ಬಿಡಲಾಗದು. ಇದಲ್ಲದೆ, ಈ ರೋಗವು ಮೂತ್ರಪಿಂಡಕ್ಕೆ ರಕ್ತವನ್ನು ಹೆಚ್ಚಾಗಿ ಹರಿಸಿ ಅಲ್ಲಿನ ನ್ಯೂನತೆಯನ್ನು ಮರೆಮಾಡಿರುವುದುಂಟು. ರೋಗ ಗುಣವಾದೊಡನೆ ಆ ನ್ಯೂನತೆ ಬಯಲಿಗೆ ಬರುವುದು. ಆದುದರಿಂದ ಯಾವ ಚಿಕಿತ್ಸೆಯಾದರೂ ಮೂತ್ರಪಿಂಡದ ಪರೀಕ್ಷೆ ತಪ್ಪದು.

ನಾಯಿಗಳ ವಿಷಯದಲ್ಲಿಯೂ ಅವರ ಬರಹಗಳುಂಟು. ಅಡ್ರಿನಲ್ ಗ್ರಂಥಿ ಬತ್ತಿದ 225 ನಾಯಿಗಳ ವಿವರವನ್ನು 1996ರಲ್ಲಿ ಸಹಕಾರಿಗಳೊಡನೆ ಪ್ರಕಟಿಸಿದರು. ಅವುಗಳ ವಿಚಾರ ಬೇರೊಂದು ಲೇಖನಕ್ಕೆ ತಕ್ಕುದು.

ಇಷ್ಟು ವರ್ಷಗಳ ತರುವಾಯ, 2012ರಲ್ಲಿ, ಅವರು ಬೆಕ್ಕಿನ ರೋಗವನ್ನು ಕುರಿತು ಬರೆದ ಮತ್ತೊಂದು ಲೇಖನದ ಶಿರೋನಾಮೆಯಲ್ಲಿಯೇ ಪ್ರಶ್ನೆಯಿದೆ: ಈ ರೋಗ ಹೀಗೆ ಹಬ್ಬಲು ಕಾರಣವೇನು, ಅದನ್ನು ತಡೆಯಬಹುದೆ? ಡಬ್ಬಿಯ ಆಹಾರದ ಮೇಲೆ ಸಂಶಯವಿದೆ. ಆಹಾರದಲ್ಲಿನ ಅಯೊಡಿನಿನ ಏರುಪೇರಿನ ಮೇಲೂ ಇದೆ. ಬೆಂಕಿ ಹತ್ತದಿರಲೆಂದು ಮೆತ್ತೆಯ ಕುರ್ಚಿಗಳಿಗೆ ಬೆರೆಸುವ ರಾಸಾಯನಿಕಗಳನ್ನೂ ಶಂಕಿಸುವರು. ಅವು ಧೂಳಿನೊಡನೆ ಉದುರಿ ಬೆಕ್ಕಿನ ತುಪ್ಪಳಕ್ಕೆ ಅಂಟುವುವು. ದಿನವೆಲ್ಲ ಮೈ ನೆಕ್ಕಿಕೊಳ್ಳುವ ಬೆಕ್ಕು ಅವನ್ನು ತಾನೇ ನುಂಗುವುದು. ಇವುಗಳಲ್ಲಿ ಯಾವುದೊಂದೂ ಕಾರಣವೆಂದು ಇನ್ನೂ ಸ್ಥಾಪಿತವಾಗಿಲ್ಲ.