ಲ್ಯಾಪ್‌ಟಾಪಿನ ಆಯ್ಕೆ: ವೇಗದ ಅಳತೆ ಮತ್ತು ಹಣದ ವಿನಿಯೋಗ

ಹೊಸ ಲ್ಯಾಪ್‌ಟಾಪ್ ಕೊಳ್ಳಹೊರಟ ಕನ್ನಡ ವ್ಯಾಸಂಗಿಗೆ ಇಂದು ಎದುರಾಗುವ ತೊಡಕು ಸರಕಿನ ಅಭಾವದ್ದಲ್ಲ, ಬಾಹುಳ್ಯದ್ದು. ಒಂದೇ ಹೆಸರಿನ ಯಂತ್ರ ನಾಲ್ಕಾರು ಬೆಲೆಗಳಲ್ಲಿ ದೊರೆಯುತ್ತದೆ. ಒಂದೊಂದು ಮೆಟ್ಟಿಲು ಏರಿದಂತೆಲ್ಲ ಕೆಲವು ಸಾವಿರ ರೂಪಾಯಿ ಹೆಚ್ಚುತ್ತ ಹೋಗುತ್ತದೆ. ಪುಣೆ ಮುಂಬಯಿಗಳಂಥ ನಗರಗಳಲ್ಲಿ ಹತ್ತು ಅಂಗಡಿ ತಿರುಗಿ ನೋಡುವ ಅನುಕೂಲವಾದರೂ ಉಂಟು. ಪುಣೆಯಿಂದ ಆಗ್ನೇಯಕ್ಕೆ ಸುಮಾರು ೧೦೦ ಕಿಲೋಮೀಟರ್ ದೂರದಲ್ಲಿರುವ ಬಾರಾಮತಿಯಂಥ ಊರಿನಲ್ಲಿ ನೆಲೆಸಿದ ಅಧ್ಯಾಪಕರೋ ನಿವೃತ್ತರೋ ಬಹುಮಟ್ಟಿಗೆ ವಿವರಪಟ್ಟಿಯನ್ನೇ ನಂಬಿ ಹಣ ತೆರಬೇಕಾಗುತ್ತದೆ. ಆದುದರಿಂದ ಆ ಪಟ್ಟಿಯನ್ನು ಓದುವ ಕ್ರಮವನ್ನು ಅರಿತಿರುವುದು ಅವಶ್ಯ.

ನೀರಾ ಎಡದಂಡೆ ಕಾಲುವೆಯನ್ನು ನಂಬಿ ಕಬ್ಬು ಬೆಳೆಯುವ ಬಾರಾಮತಿಯ ರೈತರಿಗೆ ಒಂದು ಸಂಗತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ: ಅಣೆಕಟ್ಟಿನಲ್ಲಿ ನೀರು ಎಷ್ಟೇ ಇರಲಿ, ಹೊಲಕ್ಕೆ ಬರುವುದು ತೂಬು ಬಿಟ್ಟಷ್ಟೇ. ಲ್ಯಾಪ್‌ಟಾಪಿನ ವಿಷಯದಲ್ಲಿಯೂ ಮಾತು ಇದೇ. ಯಂತ್ರದ ವೇಗವನ್ನು ನಿರ್ಣಯಿಸುವುದು ಅದರ ಅತ್ಯಂತ ಬಲಿಷ್ಠವಾದ ಅಂಗವಲ್ಲ. ಹಿಡಿದ ಕೆಲಸಕ್ಕೆ ಸಾಲದೆ ಹೋಗುವ ಅಂಗ. ಆ ಅಂಗ ಯಾವುದೆಂದು ಕಂಡುಕೊಳ್ಳದೆ ತೆರುವ ಹೆಚ್ಚಿನ ಹಣ ಅಣೆಕಟ್ಟನ್ನು ಎತ್ತರಿಸಿ ತೂಬನ್ನು ಹಾಗೆಯೇ ಬಿಟ್ಟಂತೆ ವ್ಯರ್ಥವಾಗುತ್ತದೆ.

ಬೆಲೆಯೇರಿಕೆಗೆ ಇಂದು ಮುಂದಿಡುವ ಕಾರಣಗಳಲ್ಲಿ ಕೃತಕ ಬುದ್ಧಿಮತ್ತೆ ಪ್ರಮುಖವಾದುದು. ೨೦೨೪ರಿಂದ ಮೈಕ್ರೋಸಾಫ್ಟ್ ಸಂಸ್ಥೆ ‘ಕೋಪೈಲಟ್ ಪ್ಲಸ್’ ಎಂಬ ಮುದ್ರೆಯನ್ನು ಕೆಲವು ಯಂತ್ರಗಳಿಗೆ ನೀಡುತ್ತಿದೆ. ಸೆಕೆಂಡಿಗೆ ೪೦ ಲಕ್ಷ ಕೋಟಿ ಗಣನೆ ಮಾಡಬಲ್ಲ ಪ್ರತ್ಯೇಕ ಚಿಪ್ ಭಾಗವೂ ೧೬ ಜಿಬಿ ಮೆಮೊರಿಯೂ ಅದಕ್ಕೆ ಬೇಕು. ಈ ವಿಷಯದಲ್ಲಿ ಬಾರಾಮತಿಯೇ ಒಂದು ಪಾಠವನ್ನು ಒದಗಿಸುತ್ತದೆ. ಅಲ್ಲಿಯ ಕೃಷಿ ವಿಜ್ಞಾನ ಕೇಂದ್ರವು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಹಾಗೂ ಮೈಕ್ರೋಸಾಫ್ಟಿನ ಸಹಯೋಗದಲ್ಲಿ ಕಬ್ಬಿನ ಬೆಳೆಗೆ ಕೃತಕ ಬುದ್ಧಿಮತ್ತೆಯನ್ನು ಅನ್ವಯಿಸುತ್ತಿರುವುದು ಪ್ರಸಿದ್ಧವಾಗಿದೆ. ಮಣ್ಣಿನ ತೇವ, ಹವೆ, ಉಪಗ್ರಹದ ಚಿತ್ರ ಇವೆಲ್ಲವೂ ದೂರದ ದತ್ತಕೇಂದ್ರಕ್ಕೆ ಹೋಗುತ್ತವೆ. ಭಾರವಾದ ಗಣನೆಯೆಲ್ಲ ಅಲ್ಲಿಯೇ ನಡೆಯುತ್ತದೆ. ರೈತರ ಕೈಗೆ ಬರುವುದು ಮೊಬೈಲಿನಲ್ಲಿ ಒಂದು ಸೂಚನೆ ಮಾತ್ರ. ಅನುವಾದ, ಪ್ರಶ್ನೋತ್ತರ ಮುಂತಾದುವುಗಳಿಗೆ ಈ ಬುದ್ಧಿಮತ್ತೆಯನ್ನು ಬಳಸುವ ವಿದ್ವಾಂಸರ ಸ್ಥಿತಿಯೂ ಬಹುಮಟ್ಟಿಗೆ ಇದೇ ಆಗಿದೆ. ಮುದ್ರೆಯೊಂದಕ್ಕಾಗಿಯೇ ಹೆಚ್ಚು ಹಣ ತೆರುವ ಮೊದಲು, ಆ ಕೆಲಸ ತಮ್ಮ ಯಂತ್ರದಲ್ಲಿ ನಡೆಯುವುದೋ ಬೇರೆಡೆಯೋ ಎಂದು ವಿಚಾರಿಸುವುದು ಯುಕ್ತ.

ಹಾಗಾದರೆ ಕನ್ನಡ ಸಂಶೋಧನೆಯ ಕೆಲಸ ಯಂತ್ರದಿಂದ ಏನನ್ನು ಬೇಡುತ್ತದೆ? ಬರಹ ಅತ್ಯಂತ ಹಗುರ. ಯೂನಿಕೋಡಿನ ರೂಢಿಯ ಶೇಖರಣಾ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ೩ ಬೈಟು ಬೇಕು. ‘ಕನ್ನಡ’ ಎಂಬ ಪದದಲ್ಲಿ ವಿರಾಮಚಿಹ್ನೆಯೂ ಸೇರಿ ೫ ಸಂಕೇತಗಳಿರುವುದರಿಂದ ಅದು ೧೫ ಬೈಟು. ಎರಡು ಲಕ್ಷ ಸಂಕೇತಗಳ ಗ್ರಂಥವೊಂದು ಒಂದು ಎಂಬಿಯನ್ನೂ ಮುಟ್ಟದು. ಚಿತ್ರದ ಸಂಗತಿ ಬೇರೆ. ಎ-೪ ಅಳತೆಯ ಹಾಳೆಯನ್ನು ಅಂಗುಲಕ್ಕೆ ೩೦೦ ಚುಕ್ಕೆಗಳಂತೆ ವರ್ಣದಲ್ಲಿ ಸ್ಕ್ಯಾನ್ ಮಾಡಿದರೆ ೨೪೮೦ ಗುಣಿಸು ೩೫೦೮, ಎಂದರೆ ಸುಮಾರು ೮೭ ಲಕ್ಷ ಚುಕ್ಕೆಗಳು. ಕುಗ್ಗಿಸದಿದ್ದರೆ ೨೬ ಎಂಬಿ. ಇಂತಹ ೩೦೦ ಪುಟಗಳ ಕಡತ ೭.೮ ಜಿಬಿ ಆಗುತ್ತದೆ. ಕುಗ್ಗಿಸಿಟ್ಟರೆ ಡಿಸ್ಕಿನಲ್ಲಿ ಸ್ಥಳ ಉಳಿಯುವುದು ನಿಜ. ಆದರೆ ತೆರೆದು ತಿದ್ದುವಾಗ ಪ್ರತಿ ಪುಟವೂ ಮೆಮೊರಿಯಲ್ಲಿ ತನ್ನ ಪೂರ್ಣ ಗಾತ್ರಕ್ಕೆ ಹಿಗ್ಗುತ್ತದೆ. ಬರೆಯುವವರಿಗೂ ಹಳೆಯ ಕಾಗದಗಳನ್ನು ಚಿತ್ರವಾಗಿಸುವವರಿಗೂ ಬೇಕಾಗುವ ಯಂತ್ರಗಳು ಭಿನ್ನವಾಗಿರುವುದು ಈ ಕಾರಣದಿಂದಲೇ.

ಈ ಲೆಕ್ಕದ ಬೆಳಕಿನಲ್ಲಿ ಅಂಗಗಳನ್ನು ತಾಳೆ ನೋಡಬಹುದು. ಮೆಮೊರಿ ಸಾಲದೆ ಬಂದಾಗ ಯಂತ್ರವು ಡಿಸ್ಕನ್ನೇ ಮೆಮೊರಿಯಂತೆ ಬಳಸತೊಡಗುತ್ತದೆ. ಆಗ ಎಂತಹ ಪ್ರೊಸೆಸರ್ ಇದ್ದರೂ ಕಾಯುವುದು ತಪ್ಪದು. ವಿಂಡೋಸ್ ೧೧ಕ್ಕೆ ೪ ಜಿಬಿ ಮೆಮೊರಿ ಸಾಕೆಂದು ಅಧಿಕೃತವಾಗಿ ಹೇಳಿದ್ದರೂ ಅದು ಯಂತ್ರ ಎದ್ದು ನಿಲ್ಲುವ ಅಳತೆ, ದುಡಿಯುವ ಅಳತೆಯಲ್ಲ. ಬರಹಕ್ಕೆ ೮ ಜಿಬಿ ನಡೆದೀತು. ಚಿತ್ರಗಳೊಡನೆ ದುಡಿಯುವವರಿಗೆ ೧೬ ಜಿಬಿ ಯುಕ್ತ.

ಶೇಖರಣೆಯಲ್ಲಿ ಮೊದಲ ಮೆಟ್ಟಿಲೇ ದೊಡ್ಡದು. ಮೇಲೆ ಹೇಳಿದ ೭.೮ ಜಿಬಿ ಕಡತವನ್ನು ಸೆಕೆಂಡಿಗೆ ೧೩೦ ಎಂಬಿ ಓದುವ ತಿರುಗು ಹಾರ್ಡ್ ಡಿಸ್ಕಿನಿಂದ ತರಲು ಒಂದು ನಿಮಿಷ ಬೇಕು. ೫೨೦ ಎಂಬಿ ಓದುವ ಸಾಧಾರಣ ಎಸ್‌ಎಸ್‌ಡಿಗೆ ೧೫ ಸೆಕೆಂಡು. ೩೦೦೦ ಎಂಬಿ ಓದುವ ಎನ್‌ವಿಎಂಇ ಎಸ್‌ಎಸ್‌ಡಿಗೆ ಮೂರು ಸೆಕೆಂಡಿಗೂ ಕಡಮೆ. ಅಲ್ಲಿಂದ ಮುಂದೆ ೭೦೦೦ ಎಂಬಿ ಓದುವ ಜಾತಿಗೆ ಹಣ ತೆತ್ತರೆ ಉಳಿಯುವುದು ಒಂದೂವರೆ ಸೆಕೆಂಡು ಮಾತ್ರ. ಮೊದಲ ಬದಲಾವಣೆ ದಿನವನ್ನೇ ಉಳಿಸುತ್ತದೆ. ಕೊನೆಯದು ಗಮನಕ್ಕೂ ಬಾರದು.

ಪ್ರೊಸೆಸರಿನ ಹೆಸರಿನಲ್ಲಿ ಮೋಸಹೋಗುವುದು ಸುಲಭ. ಒಂದೇ ಶ್ರೇಣಿಯ ಹೆಸರು ಹೊತ್ತ ಎರಡು ಚಿಪ್‌ಗಳು ತಲೆಮಾರಿನಲ್ಲಿಯೂ ವಿದ್ಯುತ್ ಬಳಕೆಯಲ್ಲಿಯೂ ಭಿನ್ನವಾಗಿರಬಹುದು. ೧೫ ವಾಟಿನ ಮಿತಿಗೆ ರಚಿತವಾದುದೂ ೪೫ ವಾಟಿನದೂ ಸಮವಲ್ಲ. ಮೇಲಾಗಿ ತೆಳುವಾದ ಕವಚದಲ್ಲಿ ಶಾಖ ಹೊರಹೋಗದಿದ್ದರೆ ಚಿಪ್ ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಬಾರಾಮತಿಯ ಬೇಸಗೆಯಲ್ಲಿ ಇದು ಲಘುವಾದ ಸಂಗತಿಯಲ್ಲ. ಕೋರ್‌ಗಳ ಸಂಖ್ಯೆಯ ಬಗೆಗೂ ವಿವೇಚನೆ ಬೇಕು. ವಿಜಯ ಭಟ್ಕರ್ ಅವರ ನೇತೃತ್ವದಲ್ಲಿ ಪುಣೆಯ ಸಿ-ಡ್ಯಾಕ್ ಸಂಸ್ಥೆ ೧೯೯೧ರಲ್ಲಿ ಹೊರತಂದ ಪರಮ್ ೮೦೦೦ ಮಹಾಗಣಕವು ಅನೇಕ ಪ್ರೊಸೆಸರುಗಳಿಗೆ ಕೆಲಸವನ್ನು ಹಂಚುವ ತತ್ತ್ವದ ಮೇಲೆಯೇ ನಿಂತಿತ್ತು. ಆದರೆ ಹಂಚಲು ಬಾರದ ಕೆಲಸಕ್ಕೆ ಈ ತತ್ತ್ವ ಒದಗದೆಂಬುದನ್ನು ಜೀನ್ ಆಮ್ಡಾಲ್ ೧೯೬೭ರಲ್ಲಿಯೇ ತೋರಿಸಿದ್ದರು. ಕೆಲಸದ ಐದರಲ್ಲೊಂದು ಪಾಲನ್ನು ಹಂಚಲಾಗದಿದ್ದರೆ, ಎಷ್ಟು ಕೋರ್ ಕೂಡಿಸಿದರೂ ವೇಗ ಐದು ಪಟ್ಟನ್ನು ಮೀರದು. ಲೇಖನ ಬೆರಳಚ್ಚಿಸುವವರಿಗೆ ಒಂದು ಕೋರಿನ ವೇಗವೇ ಮುಖ್ಯ. ಮುದ್ರಿತ ಪುಟದ ಚಿತ್ರವನ್ನು ಟೆಸರಾಕ್ಟ್ ಮುಂತಾದ ತಂತ್ರಾಂಶಗಳಿಂದ ಅಕ್ಷರವಾಗಿ ಪರಿವರ್ತಿಸುವವರಿಗೆ ಮಾತ್ರ, ಪುಟಕ್ಕೊಂದರಂತೆ ಹಂಚಬಹುದಾದುದರಿಂದ, ಹೆಚ್ಚು ಕೋರ್‌ಗಳು ಫಲಕಾರಿ. ಪರೀಕ್ಷಾಂಕಗಳಲ್ಲಿ ಒಂದು ಕೋರಿನ ಅಂಕವನ್ನೂ ಎಲ್ಲ ಕೋರ್‌ಗಳ ಅಂಕವನ್ನೂ ಬೇರೆಬೇರೆಯಾಗಿ ಕೊಡುವುದು ಇದಕ್ಕಾಗಿಯೇ. ಇವೆಲ್ಲಕ್ಕಿಂತ ನಂಬಲರ್ಹವಾದ ಪರೀಕ್ಷೆ ಇನ್ನೊಂದುಂಟು: ತಮ್ಮದೇ ದೊಡ್ಡ ಕಡತವೊಂದನ್ನು ಪೆನ್‌ಡ್ರೈವಿನಲ್ಲಿ ಅಂಗಡಿಗೆ ಒಯ್ದು ಯಂತ್ರದೊಳಕ್ಕೆ ಪ್ರತಿಮಾಡಿ, ಹತ್ತು ನಿಮಿಷ ಅದರೊಡನೆ ದುಡಿದು ನೋಡುವುದು.

ಹಣವನ್ನು ಯಾವುದಕ್ಕೆ ಮೊದಲು ಸಲ್ಲಿಸಬೇಕೆಂಬುದಕ್ಕೆ ಇನ್ನೊಂದು ನಿಯಮವುಂಟು: ಮುಂದೆ ಬದಲಿಸಲಾಗದುದಕ್ಕೆ ಮೊದಲು. ಪ್ರೊಸೆಸರನ್ನು ಇಂದಿನ ಲ್ಯಾಪ್‌ಟಾಪುಗಳಲ್ಲಿ ಬದಲಿಸಲಾಗದು. ಪರದೆಯನ್ನು ಮೇಲ್ತರದ್ದಕ್ಕೆ ಬದಲಿಸುವುದೂ ಸುಲಭಸಾಧ್ಯವಲ್ಲ. ಕನ್ನಡದ ಒತ್ತಕ್ಷರಗಳು ಸಣ್ಣ ಗಾತ್ರದಲ್ಲಿಯೂ ಸ್ಪಷ್ಟವಾಗಿ ಕಾಣಬೇಕಾದರೆ ೧೯೨೦ ಗುಣಿಸು ೧೦೮೦ ಚುಕ್ಕೆಗಳ ಪರದೆಗಿಂತ ಕೆಳಗಿಳಿಯಬಾರದು. ಮೆಮೊರಿ ಕೆಲವು ಯಂತ್ರಗಳಲ್ಲಿ ಹಲಗೆಗೆ ಬೆಸೆದಿರುತ್ತದೆ, ಕೆಲವುಗಳಲ್ಲಿ ಬಿಚ್ಚಿ ಹಾಕುವಂತಿರುತ್ತದೆ. ಬೆಸೆದಿದ್ದರೆ ಬೇಕಾದಷ್ಟನ್ನೂ ಕೊಳ್ಳುವಾಗಲೇ ಪಡೆಯಬೇಕು; ಖಾಲಿ ಸ್ಥಾನವಿದ್ದರೆ ಕಾಯಬಹುದು. ಹಾಗೆಂದಮಾತ್ರಕ್ಕೆ ಕಾದರೆ ಅಗ್ಗವಾದೀತೆಂಬ ಭರವಸೆಯಿಲ್ಲ. ೨೦೨೫ರ ಕೊನೆಯ ತಿಂಗಳುಗಳಲ್ಲಿ ದತ್ತಕೇಂದ್ರಗಳ ಬೇಡಿಕೆಯಿಂದ ಮೆಮೊರಿ ಚಿಪ್‌ಗಳ ಬೆಲೆ ತೀವ್ರವಾಗಿ ಏರಿತು. ಎಸ್‌ಎಸ್‌ಡಿಯನ್ನು ಬಹುತೇಕ ವಿಂಡೋಸ್ ಯಂತ್ರಗಳಲ್ಲಿ ಮುಂದೆ ಬದಲಿಸಲು ಬರುವುದರಿಂದ ಅದರ ಗಾತ್ರದ ಚಿಂತೆಯನ್ನು ಕೊನೆಗಿಡಬಹುದು.

ಕೊಳ್ಳುವುದೇ ಬೇಡವಾದ ಸಂದರ್ಭವೂ ಉಂಟು. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ರ ಸಾಮಾನ್ಯ ಬೆಂಬಲ ಮುಗಿದುದರಿಂದ, ವಿಂಡೋಸ್ ೧೧ರ ನಿಬಂಧನೆಗಳಿಗೆ ಹೊಂದದ ಹಳೆಯ ಯಂತ್ರಗಳು ನಿರುಪಯುಕ್ತವೆಂಬ ಭಾವನೆ ಹರಡಿತು. ಅಂತಹ ಯಂತ್ರದ ಹಾರ್ಡ್ ಡಿಸ್ಕಿನ ಸ್ಥಾನದಲ್ಲಿ ಎಸ್‌ಎಸ್‌ಡಿಯನ್ನು ಹಾಕಿಸಿ, ಸ್ಥಾನವಿದ್ದರೆ ಮೆಮೊರಿಯನ್ನು ಹೆಚ್ಚಿಸಿ, ಲಿನಕ್ಸನ್ನು ಅಳವಡಿಸಿದರೆ ಬರಹದ ಕೆಲಸಕ್ಕೆ ಅದು ಇನ್ನೂ ಕೆಲವು ವರ್ಷ ಒದಗಬಹುದು. ಕ.ಗ.ಪ. ಕೀಲಿಮಣೆ ವಿನ್ಯಾಸ ಅಲ್ಲಿಯೂ ದೊರೆಯುತ್ತದೆ. ಆದರೆ ನುಡಿ, ಬರಹ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಅಲ್ಲದ ಲಿಪಿಯಿಂದ ಬೆರಳಚ್ಚಿಸಿದ ಕಡತಗಳು ಆ ಲಿಪಿಯಿಲ್ಲದ ಯಂತ್ರದಲ್ಲಿ ರೋಮನ್ ಅಕ್ಷರಗಳ ಗೊಂದಲವಾಗಿ ಕಾಣಿಸುತ್ತವೆ. ಇದು ಯಂತ್ರದ ದೌರ್ಬಲ್ಯವಲ್ಲ; ಎಷ್ಟು ಬೆಲೆಯ ಪ್ರೊಸೆಸರೂ ಇದನ್ನು ನಿವಾರಿಸದು. ಹಳೆಯ ಯಂತ್ರವನ್ನು ಬಿಡುವ ಮೊದಲು ಆ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ ಓದಿ ನೋಡುವುದೊಂದೇ ಉಪಾಯ.

ಹೊರನಾಡಿನ ಕನ್ನಡ ಮನೆಗಳಲ್ಲಿಯೂ ಸಂಘಗಳ ಕಪಾಟುಗಳಲ್ಲಿಯೂ ಉಳಿದಿರುವ ಪತ್ರಗಳು, ನಡವಳಿಕೆಯ ಪುಸ್ತಕಗಳು, ಹಳೆಯ ಸಂಚಿಕೆಗಳು ಬಹುಮಟ್ಟಿಗೆ ಒಂದೊಂದೇ ಪ್ರತಿಯಾಗಿವೆ. ಅವನ್ನು ಉಳಿಸಲು ಅತಿವೇಗದ ಯಂತ್ರ ಬೇಕಾಗಿಲ್ಲ. ಸಾಕಷ್ಟು ಮೆಮೊರಿಯ, ಸ್ಪಷ್ಟ ಪರದೆಯ ಸಾಧಾರಣ ಯಂತ್ರ ಸಾಕು. ಮೇಲಿನ ಮೆಟ್ಟಿಲನ್ನು ಏರದೆ ಉಳಿಸಿದ ಹಣದಲ್ಲಿ ಹೊರಗಿನ ಡಿಸ್ಕುಗಳೆರಡನ್ನು ಕೊಂಡು, ಒಂದನ್ನು ಮನೆಯಲ್ಲಿಯೂ ಇನ್ನೊಂದನ್ನು ಬೇರೊಂದು ಊರಿನಲ್ಲಿಯೂ ಇರಿಸಿದರೆ, ಆ ಹಣ ಯಾವ ಪ್ರೊಸೆಸರಿಗೆ ತೆತ್ತುದಕ್ಕಿಂತಲೂ ಸಾರ್ಥಕವಾದೀತು.