ಕಣ್ಣಿನ ಕೆಳಗಿನ ತೋರಣ

ಹಬ್ಬದ ದಿನ ದೊಡ್ಡಬೆಳವಂಗಲದ ಮನೆಬಾಗಿಲಿಗೆ ಮಾವಿನ ತೋರಣ ಶೋಭೆ. ಕಣ್ಣಿನ ಕೆಳಗೆ ಜೋತ ತೋರಣ ಯಾರಿಗೆ ಬೇಕು? ವೈದ್ಯರು ಆ ಚೀಲವನ್ನು ಕರೆಯುವ ‘ಫೆಸ್ಟೂನ್’ ಎಂಬ ಹೆಸರಿಗೂ ತೋರಣವೆಂದೇ ಅರ್ಥ.

ಮುಖದ ಸುಕ್ಕು ಬಿಗಿಸುವ ಶಸ್ತ್ರಚಿಕಿತ್ಸೆಯ ಬಳಿಕವೂ ಇದು ಉಳಿದರೆ ಅಚ್ಚರಿಪಡಬೇಕಾಗಿಲ್ಲ. ಆ ಚಿಕಿತ್ಸೆ ಮುಖ್ಯವಾಗಿ ದವಡೆ, ಕತ್ತುಗಳನ್ನು ಸೆಳೆಯುತ್ತದೆ. ತೋರಣವಾದರೋ ಕೆನ್ನೆಮೂಳೆಯ ಮೇಲೆ, ಸಡಿಲಿದ ಚರ್ಮ ಸ್ನಾಯುಗಳಲ್ಲಿ ನೀರು ನಿಂತು ಆದದ್ದು.

ಮೊದಲು ಮೂತ್ರಪಿಂಡ, ಥೈರಾಯಿಡ್‌ಗಳ ಪರೀಕ್ಷೆಯಾಗಬೇಕು. ಉಪ್ಪು ತಗ್ಗಿಸಿದರೆ ಬೆಳಗಿನ ಊತ ಇಳಿದೀತು. ಅನಂತರ ಲೇಸರ್, ಡಾಕ್ಸಿಸೈಕ್ಲಿನ್ ಚುಚ್ಚುಮದ್ದು, ನೇರ ಛೇದನ ಮೊದಲಾದ ಮಾರ್ಗಗಳುಂಟು. ಛೇದನದಿಂದ ಕಲೆ ಉಳಿದೀತು. ಚರ್ಮ ಅತಿಯಾಗಿ ತೆಗೆದರೆ ಕೆಳರೆಪ್ಪೆಯೇ ಹೊರಮಗುಚೀತು.

ಆದುದರಿಂದ ಮುಖವನ್ನು ಶಸ್ತ್ರಕ್ಕೊಪ್ಪಿಸುವ ಮುನ್ನವೇ ಕೇಳಬೇಕಾದ ಪ್ರಶ್ನೆ ಇದು: ‘ಸುಕ್ಕೇನೋ ಹೋದೀತು, ತೋರಣ ಇಳಿಯುವುದೇ?’